ಕೌದಿ ಹೊದ್ದು ಹೇಳಿದ ನಾಲ್ಕು ಹೆಸರುಗಳು

ಇದನ್ನು ಓದಿ ಮುಗಿಸಿದ ಮೇಲೆ "ಹುಡುಗ ಬಂಡಲ್ ಬಿಟ್ಟಾನ" ಎಂದು ನೀವು ಅಂದೇ ಅನ್ನುತ್ತೀರಿ. ಅನ್ನಿ. ನನ್ನ ದಂಧೆಯೇ ಅದು. ಚಿಕ್ಕೋಡಿಯ ಓಣಿಗಳಲ್ಲಿ ಆಟೊ ಮೇಲೆ ಹಾರ್ನ್ ಕಟ್ಟಿಕೊಂಡು "ಬಂದಿದೆ, ಬಂದಿದೆ, ಸೀರೆಗಳ ಮಹಾಸಾಗರವೇ ಬಂದಿದೆ" ಎಂದು ಕೂಗುತ್ತಾ ಹೋಗುತ್ತದಲ್ಲ, ಆ ಧ್ವನಿ ನನ್ನದು. ಟ್ರ್ಯಾಕ್ಟರ್ ಶೋರೂಮಿನ ಉದ್ಘಾಟನೆ ನಾನೇ. ಕಳೆದುಹೋದ ಎಮ್ಮೆ ನಾನೇ. ಒಮ್ಮೆ ಆ ಎಮ್ಮೆಯ ವರ್ಣನೆ ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಎಮ್ಮೆ ಸಿಗುವ ಮೊದಲೇ ಇಬ್ಬರು ಅದನ್ನು ಕೊಳ್ಳಲು ಬಂದಿದ್ದರು. ಇದರಲ್ಲಿ ಅರ್ಧ ನಿಜ.

ಹೆಸರು ಸಾಗರ. ಓದುವುದು ಪಿಯುಸಿ ಎರಡನೇ ವರ್ಷ. ಸಮುದ್ರ ಇಲ್ಲಿಂದ ಘಟ್ಟದ ಆಚೆ ಎಲ್ಲೋ ಇದೆ, ನಾನು ನೋಡಿಲ್ಲ. ನಮ್ಮ ಮನೆಯಲ್ಲಿ ಮೊದಲ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ರೂಢಿ, ಆ ಪ್ರಕಾರ ನಾನು ಬಸಪ್ಪನಾಗಬೇಕಿತ್ತು. ಆಗಲಿಲ್ಲ. ತೊಟ್ಟಿಲ ಕಾರ್ಯದ ದಿನ ಅಜ್ಜ ಸಿಟ್ಟು ಮಾಡಿಕೊಂಡು ಹೊಲಕ್ಕೆ ಹೋಗಿ ಕುಳಿತವನು ಇವತ್ತಿಗೂ ನನ್ನನ್ನು "ಏ ತಮ್ಮಾ" ಎಂದೇ ಕರೆಯುತ್ತಾನೆ. ಹೆಸರು ಬಾಯಿಗೆ ತಂದರೆ ಸೋತಂತೆ ಎಂದು ಅವನ ಲೆಕ್ಕ.

ಕೆಲಸ ಮಾಡುವುದು ಬಸ್ ಸ್ಟ್ಯಾಂಡ್ ಹಿಂದಿನ ಸೌಂಡ್ ಸಿಸ್ಟಮ್ ಅಂಗಡಿಯಲ್ಲಿ, ಕಾಲೇಜು ಬಿಟ್ಟ ಮೇಲೆ. ಅಂಗಡಿಯ ಹಿಂದೆ ಒಂದು ರೆಕಾರ್ಡಿಂಗ್ ಕೋಣೆ. ಗೋಡೆ ತುಂಬ ತತ್ತಿ ಟ್ರೇ ಅಂಟಿಸಿದ್ದೇವೆ, ಧ್ವನಿ ಬಡಿದು ವಾಪಸ್ ಬರಬಾರದು ಅಂತ. ಮಾಲಕರು ತತ್ತಿ ಮುಟ್ಟದ ಮಂದಿ. ಆ ಟ್ರೇಗಳನ್ನು ಗೋಣಿಚೀಲದಲ್ಲಿ ಮುಚ್ಚಿಕೊಂಡು, ಕಳ್ಳಮಾಲು ತಂದಂತೆ ತಂದರು. ಅಷ್ಟಾದರೂ ಬಸ್ಸಿನ ಹಾರ್ನ್ ಒಳಗೆ ಬರುತ್ತಿತ್ತು. ಅದಕ್ಕೆ ನಾನು ಮನೆಯಿಂದ ಒಂದು ಹಳೆಯ ಕೌದಿ ತಂದೆ. ಹಳೆ ಸೀರೆ, ಧೋತರದ ತುಂಡುಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ದಪ್ಪ ಕೌದಿ. ಮೈಕು, ಮೊಬೈಲು, ನಾನು, ಮೂವರೂ ಅದರೊಳಗೆ ಮುಸುಕು ಹಾಕಿಕೊಂಡರೆ ಹೊರಗೆ ಮದುವೆಯ ಬ್ಯಾಂಡ್ ಹೋದರೂ ಗೊತ್ತಾಗುವುದಿಲ್ಲ. ಒಳಗೆ ಮಾತ್ರ ಬೆವರಿನ ಜಳಕ. ಕೋಣೆಯಲ್ಲಿದ್ದ ಫ್ಯಾನ್ ಹಾಕಿದರೆ ಅದು ಹಿಟ್ಟಿನ ಗಿರಣಿಯಂತೆ ಗುರುಗುಡುತ್ತಿತ್ತು. ಮಾಲಕರು ಅದನ್ನು ಬಿಚ್ಚಿ ನಮ್ಮ ಅಪ್ಪನಿಗೆ ಕೊಟ್ಟಿದ್ದರು. ಅಪ್ಪನದು ಮೋಟಾರ್ ವೈಂಡಿಂಗ್ ಅಂಗಡಿ. ಕಬ್ಬಿನ ಹೊಲಗಳ ಪಂಪ್‌ಸೆಟ್ ಮೋಟಾರುಗಳ ಸಾಲಿನಲ್ಲಿ ನಮ್ಮ ಫ್ಯಾನು ಕೊನೆಗೆ ಕುಳಿತಿತ್ತು.

ಅಂಥ ಒಂದು ದಿನ ಅಥಣಿಯಿಂದ ಒಬ್ಬ ಕಾಲೇಜು ಸರ್ ಬಂದರು. ಅವರೂ ಅವರ ಜೊತೆಯವರೂ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಎಂ.ಎ. ಮಾಡಿದವರು. ಈ ಸುತ್ತಿನ ಐದು ತಾಲೂಕುಗಳಲ್ಲಿ ಹರಡಿರುವವರೆಲ್ಲ ಬರುವ ಭಾನುವಾರ ಚಿಕ್ಕೋಡಿಯಲ್ಲಿ ಸೇರುತ್ತಾರಂತೆ. ಕಾರ್ಯಕ್ರಮ ಶುರುವಾಗುವ ಮೊದಲು, ತೀರಿಕೊಂಡ ನಾಲ್ವರು ಗೆಳೆಯರನ್ನು ನೆನೆಯಬೇಕು. ಪರದೆಯ ಮೇಲೆ ಫೋಟೊ, ಹಿಂದೆ ಧ್ವನಿ, ತಲಾ ಎರಡು ನಿಮಿಷ. ಮನೆಮನೆಗೆ ಹೋಗಿ ಮಾಹಿತಿ ತಂದು, ಬರೆದು, ಓದಿ ಕೊಡಬೇಕು.

"ಈ ಹುಡುಗನ ಧ್ವನಿ ಕೇಳಿದ್ರ ಸತ್ತಾರೂ ಎದ್ದ ಕೂಡ್ತಾರ್ರಿ ಸರ" ಎಂದರು ಮಾಲಕರು. ಸರ್ ನಗಲಿಲ್ಲ. ಮೊಬೈಲಿನಲ್ಲಿ ಒಂದು ಗ್ರೂಪ್ ಫೋಟೊ ತೆಗೆದು, ಒಬ್ಬೊಬ್ಬರ ಮುಖವನ್ನು ಬೆರಳಿನಿಂದ ದೊಡ್ಡದು ಮಾಡಿ ತೋರಿಸಿದರು. ನಿಪ್ಪಾಣಿಯವನು ಒಬ್ಬ. ಐನಾಪುರದವನು ಒಬ್ಬ. ಅಥಣಿಯವನು ಒಬ್ಬ. ನಾಲ್ಕನೆಯದು ಹುಡುಗಿಯರ ಸಾಲಿನ ತುದಿ. ತಲೆ ಸ್ವಲ್ಪ ಬಗ್ಗಿಸಿ, ಫೋಟೊ ತೆಗೆದು ಮುಗಿದರೆ ಸಾಕು ಎನ್ನುವಂತೆ ನಿಂತಿದ್ದವಳು.

ನಮ್ಮ ಅವ್ವ.

ನಮ್ಮ ಮನೆಯ ಗೋಡೆಯ ಮೇಲೆ ಅವಳದು ಒಂದೇ ಫೋಟೊ ಇದೆ, ಮದುವೆಯದು. ಅದರಲ್ಲೂ ತಲೆ ಹೀಗೆಯೇ ಬಗ್ಗಿದೆ. ನಾನು ನಾಲ್ಕು ವರ್ಷದವನಿದ್ದಾಗ ಕಾಮಣಿ, ಅಂದರೆ ಕಾಮಾಲೆ, ಆಗಿ ತೀರಿಕೊಂಡಳು. ಅವಳ ಕೈ ನೆನಪಿದೆ, ಬಳೆಯ ಸದ್ದು ನೆನಪಿದೆ, ನನ್ನ ಗಲ್ಲ ಹಿಡಿದು ತಲೆ ಬಾಚುತ್ತಿದ್ದದ್ದು ನೆನಪಿದೆ. ಧ್ವನಿ ಮಾತ್ರ ಇಲ್ಲ. ನೆನಪಿನ ಶಕ್ತಿ ಕಡಿಮೆ ಅಂದುಕೊಳ್ಳಬೇಡಿ, ಮೂರನೇ ಕ್ಲಾಸಿನಲ್ಲಿ ಕೇಳಿದ ಬಳೆ ಮಾರುವವನ ಕೂಗನ್ನು ಈಗಲೂ ಹಾಗೇ ಕೂಗಿ ತೋರಿಸುತ್ತೇನೆ. ಅವ್ವ ಏನು ಮಾತಾಡುತ್ತಿದ್ದಳು ಎಂದು ಅಪ್ಪನನ್ನು ಕೇಳಿದರೆ ಅವನು ಎದ್ದು ತಾಮ್ರದ ತಂತಿ ಸುತ್ತಲು ಹೋಗುತ್ತಿದ್ದ.

ಇವಳು ನನ್ನ ತಾಯಿ ಎಂದು ನಾನು ಸರ್‌ಗೆ ಹೇಳಲಿಲ್ಲ. ಹೇಳಿದ್ದರೆ ಪಾಪ ಎಂದು ತಲೆ ಸವರಿ ಕೆಲಸವನ್ನು ಬೇರೆಯವರಿಗೆ ಕೊಡುತ್ತಿದ್ದರು. ಉಳಿದ ಮೂವರ ಮನೆಯಲ್ಲಿ ಏನಾದರೂ ಹೇಳಿಯೇ ಹೇಳುತ್ತಾರೆ. ನಾಲ್ಕನೆಯವಳ ಬಗ್ಗೆಯೂ ಯಾರಾದರೂ ಎರಡು ನಿಮಿಷದಷ್ಟು ಹೇಳಿದರೆ ಸಾಕಾಗಿತ್ತು ನನಗೆ. ಆಸೆ ಅಷ್ಟೇ.

ಮಾಲಕರ ಹಳೆಯ ಬೈಕು, ಕೌದಿಯನ್ನು ಸುರುಳಿ ಸುತ್ತಿ ಹಿಂದಿನ ಸೀಟಿಗೆ ಕಟ್ಟಿಕೊಂಡೆ. ದಾರಿಯಲ್ಲಿ ಮಂದಿ ನನ್ನನ್ನು ಹಾಸಿಗೆ ಮಾರುವವನು ಎಂದು ಕೈ ಮಾಡಿ ನಿಲ್ಲಿಸಿದರು. ಒಬ್ಬಳು ಚೌಕಾಸಿಯನ್ನೂ ಮಾಡಿದಳು.

ನಿಪ್ಪಾಣಿಯ ಮನೆ ಬೀಡಿ ಕಟ್ಟುವವರ ಓಣಿಯಲ್ಲಿ. ತಾಯಿ ಮೊರದಲ್ಲಿ ಎಲೆ, ತಂಬಾಕು ಇಟ್ಟುಕೊಂಡು ಕುಳಿತಿದ್ದರು. ಗೋಡೆಯಿಂದ ಗೋಡೆಗೆ ಪ್ರತಿಧ್ವನಿ ಬರುತ್ತಿತ್ತು, ಅದಕ್ಕೆ ಕೌದಿಯೊಳಗೆ ಬನ್ನಿ ಎಂದು ಕರೆದೆ. ಪಕ್ಕದ ಮನೆಯ ಹೆಂಗಸರು ಬಿದ್ದು ಬಿದ್ದು ನಕ್ಕರು. ಕೊನೆಗೆ ಅದನ್ನು ಅವರ ಹಿಂದಿನ ಹಗ್ಗಕ್ಕೆ ತೂಗುಹಾಕಿದೆ. ಮಗನ ಬಗ್ಗೆ ಹೇಳಿ ಎಂದಾಗ "ಕಾಯ್ ಸಾಂಗೂ ರೆ ಬಾಳಾ, ಏನ ಹೇಳಲಿ" ಎಂದವರು, ಎಲೆ ಕತ್ತರಿಸುವುದನ್ನು ನಿಲ್ಲಿಸದೆ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಹೇಳುತ್ತಾ ಹೋದರು. ಮಗ ಅವರ ಪಕ್ಕದಲ್ಲೇ ಕುಳಿತು ಕಟ್ಟುಗಳಿಗೆ ದಾರ ಸುತ್ತುತ್ತಾ ಪಾಠ ಒಪ್ಪಿಸುತ್ತಿದ್ದನಂತೆ. ಹಾಸ್ಟೆಲ್ಲಿನಲ್ಲಿ ಅವನ ಪುಸ್ತಕ ತೆರೆದವರಿಗೆಲ್ಲ ಸೀನು ಬರುತ್ತಿತ್ತಂತೆ. ಹೆದ್ದಾರಿಯಲ್ಲಿ ಲಾರಿ ಬಡಿದ ದಿನವೂ ಅವನ ಚೀಲದಲ್ಲಿದ್ದ ಪುಸ್ತಕಕ್ಕೆ ಅದೇ ವಾಸನೆ ಇತ್ತಂತೆ. ಮಗನನ್ನು ಅವರು ಗುರುತಿಸಿದ್ದು ಅದರಿಂದಲೇ.

ನಾನು ಆಗ ಏನು ಯೋಚಿಸುತ್ತಿದ್ದೆ ಗೊತ್ತೇ? ಕತ್ತರಿಯ ಕಚಕ್ ಕಚಕ್ ರೆಕಾರ್ಡಿಂಗನ್ನು ಹಾಳು ಮಾಡುತ್ತಿದೆಯಲ್ಲ ಎಂದು.

ಸಂಜೆ ಕುಳಿತು ಬರೆದೆ. "ತಂಬಾಕಿನ ಘಾಟಿನಲ್ಲಿ ಅರಳಿದ ಕಮಲ, ಗಡಿನಾಡಿನ ಜ್ಞಾನಸೂರ್ಯ." ಓದಿ, ಕೊನೆಯ ಹೆಸರಿಗೆ ಎಕೋ ಹಾಕಿದೆ. ಎಕೋ ನನ್ನ ಸಹಿ ಇದ್ದಂತೆ, ಎಲ್ಲ ಜಾಹೀರಾತಿನ ತುದಿಗೂ ಹಾಕುತ್ತೇನೆ. ಮಾಲಕರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಲೇ ಸಾಗರ್ಯಾ, ಚಲೋ ಆಗೇತಿ" ಎಂದರು. "ಆದ್ರ ಅಂವಾ ಎಷ್ಟ ಪರ್ಸೆಂಟ ಡಿಸ್ಕೌಂಟಿನಾಗ ಸಿಗ್ತಾನ, ಅದೊಂದ ಹೇಳಿಲ್ಲ ನೋಡ."

ಆಕಾಶದಿಂದ ನೆಲಕ್ಕೆ ಬಿದ್ದೆ. ಮರುದಿನ ಮತ್ತೆ ಬರೆದೆ, ಕಮಲ ತೆಗೆದು ದೀಪ ಹಾಕಿದೆ. ಮೂರನೇ ಸಲ ಶಹನಾಯಿ ಸೇರಿಸಿದೆ. ಅದು ನಮ್ಮಲ್ಲಿ ಯಾರೇ ಸತ್ತರೂ ಅಂತ್ಯಕ್ರಿಯೆಯ ಸಮಯ ತಿಳಿಸುವ ಆಟೊದಲ್ಲಿ ಹಾಕುವ ಶಹನಾಯಿ, ಕೇಳಿದ ತಕ್ಷಣ ಅಂಗಡಿಯ ಮುಂದೆ ಹೋಗುತ್ತಿದ್ದ ಮುದುಕರೊಬ್ಬರು ಒಳಗೆ ಬಂದು ಯಾರು ಹೋದರೆಂದು ವಿಚಾರಿಸಿದರು.

ಅಥಣಿಯಲ್ಲಿ ಮೂರನೆಯವನ ಅಕ್ಕ ಸಿಕ್ಕರು. ತಮ್ಮ ಎಲ್ಲಿಗೆ ಹೋದರೂ ಬೇಗ ಹೋಗುವವನಂತೆ, ಪರೀಕ್ಷೆಗೂ, ಮದುವೆಗೂ. ಬಸ್ ಬರುವ ಮೊದಲೇ ಹೋಗಿ ಸ್ಟ್ಯಾಂಡಿನಲ್ಲಿ ನಿಲ್ಲುವವನು. "ಅದ ಚಟಾ ಅವಂಗ" ಎಂದು ನಕ್ಕು, ನಗು ಪೂರ್ತಿಯಾಗುವ ಮೊದಲೇ ಸೆರಗನ್ನು ಬಾಯಿಗೆ ಹಿಡಿದುಕೊಂಡರು. ಹೃದಯ ನಿಂತಾಗ ಅವನಿಗೆ ನಲವತ್ತೂ ಆಗಿರಲಿಲ್ಲ.

ಐನಾಪುರದಲ್ಲಿ ಎರಡನೆಯವನ ಅಬ್ಬಾ, ಗಾದಿ ತುಂಬುವ ಕೆಲಸದವರು. ನನ್ನ ಕೌದಿಯನ್ನು ಮುಟ್ಟಿ, ತಿರುಗಿಸಿ, ಹೊಲಿಗೆ ನೋಡಿ, "ಇದನ್ನ ಹೊಲದಾಕಿ ಕೈ ಭಾರಿ ಐತಿ" ಎಂದರು. ಮಗನ ಮಾತು ಎತ್ತಿದಾಗೆಲ್ಲ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಮೂರು ರೊಟ್ಟಿ ತಿಂದ ಮೇಲೂ ನನ್ನ ಮೊಬೈಲಿನಲ್ಲಿ "ಉಣ್ಣು ಬೇಟಾ" ಬಿಟ್ಟು ಬೇರೇನೂ ರೆಕಾರ್ಡ್ ಆಗಿರಲಿಲ್ಲ. ಬೇಕಾದರೆ ಐದು ರೊಟ್ಟಿ ಎಂದು ಬರೆಯುತ್ತಿದ್ದೆ. ಆದರೆ ಮುಂದಿನದನ್ನು ಹಿಗ್ಗಿಸಲು ನನಗೆ ಧೈರ್ಯವಿಲ್ಲ.

ಮಗ ಕೊರೊನಾದಲ್ಲಿ ಹೋದವನು. ನಾನು ಎದ್ದು ಬೈಕಿಗೆ ಕೌದಿ ಕಟ್ಟುತ್ತಿರುವಾಗ ಅಬ್ಬಾ ಹೊರಗೆ ಬಂದರು.

"ನೀ ಅವನ ಹೆಸರ ಮೈಕಿನಾಗ ಹೇಳಾಂವ ಅಲಾ?"

ಹೌದ್ರಿ ಎಂದೆ.

"ಹಂಗಾದ್ರ ಅದೊಂದ ಸಾಫ್ ಹೇಳ ಬೇಟಾ. ಮತ್ತೇನ ಹೇಳಿದ್ರೂ ನಡೀತೈತಿ. ಅವತ್ತ ದವಾಖಾನಿ ಬಾಗಲದಾಗ ನಿಂತಿದ್ನಿ. ಒಳಗಿನಿಂದ ನಂಬರ ಕರದ್ರು. ನಾ ಹೆಸರ ಕರೀತಾರಂತ ಕಾಯಕೋಂತ ನಿಂತ ಬಿಟ್ಟೆ. ಅವನ್ನ ಹಾಕ್ಕೊಂಡ ಗಾಡಿ ಹೋತು."

ಅಂಗಡಿಗೆ ಬಂದು ಕಂಪ್ಯೂಟರ್ ತೆರೆದು, ನಿಪ್ಪಾಣಿಯವನ ಕಮಲ, ದೀಪ, ಸೂರ್ಯ ಎಲ್ಲ ಅಳಿಸಿದೆ. ಶಹನಾಯಿ ತೆಗೆದೆ. ಎಕೋ ತೆಗೆದೆ. ಕಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ಎಕೋ ಇಲ್ಲದ ನನ್ನ ಧ್ವನಿ ನನಗೇ ಪರಕೀಯ, ಅಂಗಿ ಬಿಚ್ಚಿ ಬಸ್ ಸ್ಟ್ಯಾಂಡಿನಲ್ಲಿ ನಿಂತಂತೆ. ನನ್ನದು ಹೆಸರು, ಊರು, ಎರಡು ಸಾಲು ಮಾತ್ರ. ಉಳಿದದ್ದು ಮನೆಯವರದೇ ಧ್ವನಿ. ನಿಪ್ಪಾಣಿಯ ತಾಯಿಯ ಮಾತಿನ ಕೆಳಗೆ ಕತ್ತರಿಯ ಕಚಕ್ ಕಚಕ್ ಇತ್ತಲ್ಲ, ಆ ಸದ್ದನ್ನು ತೆಗೆಯುವ ಸಾಫ್ಟ್‌ವೇರ್ ನಮ್ಮಲ್ಲಿದೆ. ಒಮ್ಮೆ ತೆಗೆದು ಕೇಳಿದೆ. ತಾಯಿ ಖಾಲಿ ಕೋಣೆಯಲ್ಲಿ ಮಾತಾಡುತ್ತಿದ್ದಂತೆ ಇತ್ತು. ವಾಪಸ್ ಹಾಕಿದೆ. ಐನಾಪುರದವನ ಹೆಸರನ್ನು ಮೊದಲಿಗೊಮ್ಮೆ, ಕೊನೆಗೊಮ್ಮೆ, ತಡೆದು ತಡೆದು ಹೇಳಿದೆ. ಮಾಲಕರು ಪೂರ್ತಿ ಕೇಳಿದರು. ಚಹಾ ತರಿಸಿದರು, ಅದೂ ಫುಲ್.

ಉಳಿದದ್ದು ನಾಲ್ಕನೆಯದು.

ಅವ್ವನ ತವರು ರಾಯಬಾಗ ತಾಲೂಕಿನ ಅಲಖನೂರ. ಆಯಿ, ಅಂದರೆ ಅವ್ವನ ತಾಯಿ, ಹಿತ್ತಲಲ್ಲಿ ಆಡಿಗೆ ಮೇವು ಹಾಕುತ್ತಿದ್ದಳು. ಕೌದಿ ನೋಡಿದ ಕೂಡಲೇ ಕೈ ಒರೆಸಿಕೊಂಡು ಬಂದು ಅದನ್ನು ಮಡಿಲಲ್ಲಿ ಇಟ್ಟುಕೊಂಡಳು. ಅವ್ವ ವಿಶ್ವವಿದ್ಯಾಲಯಕ್ಕೆ ಹೊರಟಾಗ ಹೊಲಿದುಕೊಟ್ಟದ್ದಂತೆ. ಊರಿನಿಂದ ಅಷ್ಟು ದೂರ ಓದಲು ಹೋದ ಮೊದಲ ಹುಡುಗಿ ನಮ್ಮ ಅವ್ವ ಎಂಬುದೂ ಅವತ್ತೇ ನನಗೆ ಗೊತ್ತಾದದ್ದು. ಮತ್ತೆ, ಮುಂದೆ ಎಂದು ಮೈಕನ್ನು ಹತ್ತಿರ ಹಿಡಿದೆ. "ಹೆಂಗ ಮಾತಾಡತಿದ್ಲು ಆಯಿ, ಏನ ಅಂತಿದ್ಲು?" ಎಂದು ಕೇಳಿದೆ.

ಆಯಿ ಕೌದಿಯನ್ನು ಮಡಚತೊಡಗಿದಳು. "ಅದನ್ನ ನಿಮ್ಮಪ್ಪನ್ನ ಕೇಳಪಾ" ಎಂದಳು. "ನಮಗ ಆಣಿ ಹಾಕ್ಯಾನ."

ಅಥಣಿ ಸರ್‌ಗೆ ಫೋನ್ ಹಚ್ಚಿದೆ. ಭಾಳ ಶಾಂತ ಸ್ವಭಾವ ಎಂದರು. ಕ್ಲಾಸಿನಲ್ಲಿ ಅವರು ಮಾತಾಡಿದ್ದು ನೆನಪಿಲ್ಲ ಎಂದು, ಸ್ವಲ್ಪ ತಡೆದು, ಅಷ್ಟೇ ಬರಿ ತಮ್ಮಾ ಎಂದರು. ಆ ತಡೆದದ್ದು ಏಕೆಂದು ನಾನು ಕೇಳಬೇಕಿತ್ತು. ಕೇಳಲಿಲ್ಲ, ಸಿಟ್ಟು ಬಂದಿತ್ತು. ಬೀಡಿ ಕಟ್ಟಿದವನಿಗೆ ಎರಡು ನಿಮಿಷ ತುಂಬಿತು, ಬೇಗ ಹೋದವನಿಗೆ ತುಂಬಿತು, ನಮ್ಮ ಅವ್ವನಿಗೆ ಮಾತ್ರ "ಶಾಂತ ಸ್ವಭಾವ"ವಂತೆ. ಫೋಟೊ ಪರದೆಯ ಮೇಲೆ ಎರಡು ನಿಮಿಷ ಸುಮ್ಮನೆ ತಲೆ ಬಗ್ಗಿಸಿ ನಿಲ್ಲಬೇಕೇ?

ಅಪ್ಪನ ಬಳಿ ಹೋದೆ. ಅವನು ಮೋಟಾರಿನ ಒಳಗೆ ತಂತಿ ಕೂಡಿಸುತ್ತಿದ್ದ. ಕಾರ್ಯಕ್ರಮದ ಸಂಗತಿ ಎಲ್ಲ ಹೇಳಿ, ನೀನು ಎರಡು ಮಾತು ಹೇಳಿದರೂ ಸಾಕು ಎಂದೆ. ಅವನು ತಲೆ ಎತ್ತಲಿಲ್ಲ. "ಅಕಿನ ಬಿಡು" ಎಂದ. ಅಷ್ಟೇ.

ಶನಿವಾರ ಮಧ್ಯಾಹ್ನ, ಅಂಗಡಿಯ ಶಟರ್ ಅರ್ಧ ಇಳಿಸಿ ಮಾಲಕರು ಊಟಕ್ಕೆ ಹೋದರು. ನಾನು ಕೌದಿ ಹೊದ್ದೆ. ಮೈಕು ಹತ್ತಿರ ಎಳೆದುಕೊಂಡೆ. ಯಾರೂ ಕೊಡದಿದ್ದರೆ ನಾನೇ ಕೊಡುತ್ತೇನೆ, ನನಗೆ ಬರುವ ಕೆಲಸ ಇದೊಂದೇ.

"ಆಕೆ ವೇದಿಕೆ ಏರಿದರೆ ಸಭೆ ಸ್ತಬ್ಧ" ಎಂದು ಶುರು ಮಾಡಿದೆ. "ಆಕೆಯ ಮಾತಿನ ಝರಿಗೆ ಎದುರಾಳಿಗಳೇ ಚಪ್ಪಾಳೆ ತಟ್ಟಿದರು. ವಿಶ್ವವಿದ್ಯಾಲಯದ ಚರ್ಚಾಸ್ಪರ್ಧೆಯಲ್ಲಿ ಬಂಗಾರದ ಪದಕ. ಪ್ರಾಧ್ಯಾಪಕರೇ ಎದ್ದು ನಿಂತು, ಇಂಥ ವಾಗ್ಮಿಯನ್ನು ನಾವು ಕಂಡಿಲ್ಲ ಎಂದರು." ಚೆನ್ನಾಗಿ ಬರುತ್ತಿತ್ತು. ಗಂಟಲೂ ಜೊತೆ ಕೊಡುತ್ತಿತ್ತು. ಎರಡು ನಿಮಿಷವೇನು, ಅರ್ಧ ತಾಸು ಹೇಳುವಷ್ಟು ಅವ್ವ ನನ್ನ ಬಾಯಲ್ಲಿ ಬೆಳೆಯುತ್ತಿದ್ದಳು.

ಯಾರೋ ಕೌದಿ ಎಳೆದರು.

ಅಪ್ಪ. ಒಂದು ಕೈಯಲ್ಲಿ ದುರಸ್ತಿಯಾದ ಫ್ಯಾನು. ಮೈಯೆಲ್ಲ ವಾರ್ನಿಶ್ ವಾಸನೆ. ಎಷ್ಟು ಹೊತ್ತಿನಿಂದ ನಿಂತಿದ್ದನೋ ಗೊತ್ತಿಲ್ಲ. ಬೈಯುತ್ತಾನೆ ಅಂದುಕೊಂಡೆ. ಅವನು ಫ್ಯಾನನ್ನು ನೆಲಕ್ಕಿಟ್ಟು, ಅದರ ಪಕ್ಕದಲ್ಲೇ ಕುಳಿತ.

"ಸುಳ್ಳ ಹೇಳಬ್ಯಾಡೋ" ಎಂದ. "ಅಕಿಗೆ ಮಾತ ಬರ್ತಿದ್ದಿಲ್ಲ."

ನನಗೆ ಅರ್ಥವಾಗಲಿಲ್ಲ.

"ತೊದಲತಿದ್ಲು. ಒಂದ ಮಾತ ಹೊರಗ ಬರೂದ್ರಾಗ ಮುಖಾ ಎಲ್ಲಾ ಕೆಂಪಗ ಆಗತಿತ್ತು. ಎಂ.ಎ. ಮಾಡಿದ್ಲು, ಮಾಸ್ತರಕಿ ಕೇಳಾಕ ಹೋದಲ್ಲಿ ಹೆಸರ ಹೇಳಾಕ ಆಗದ ಎದ್ದ ಬಂದ್ಲು. ಓದೂದ ಬಿಡಲಿಲ್ಲ. ದಿನಾ ಈ ಕೌದಿ ಮುಸುಕ ಹಾಕ್ಕೊಂಡ, ಒಳಗ ಜೋರಲೆ ಓದತಿದ್ಲು. ಹೊರಗ ಯಾರಿಗೂ ಕೇಳಬಾರದಂತ."

ಮಡಿಲಲ್ಲಿದ್ದ ಕೌದಿಯನ್ನು ನಾನು ನೋಡಿದೆ. ಅದು ನನ್ನ ಬೆವರಿನಿಂದ ಒದ್ದೆಯಾಗಿತ್ತು.

"ನೀ ಮಾತ ಕಲಿಯೂ ಹೊತ್ತಿಗೆ ನೀನೂ ತೊದಲಾಕ ಹತ್ತಿದಿ" ಎಂದ ಅಪ್ಪ. "ನನ್ನ ಕೇಳಿ ಕಲ್ಯಾಕತ್ತಾನಂತ ಅಕಿ ಅತ್ಲು. ಅವತ್ತಿನಿಂದ ನಿನ್ನ ಮುಂದ ಬಾಯಿ ತೆರೀಲಿಲ್ಲ. ಏನ ಇದ್ರೂ ಕೈ ಸನ್ನಿ. ನಿಂದು ತಾನಾಗೇ ಹೋತು, ಆದ್ರ ಅಷ್ಟೊತ್ತಿಗೆ ಅಕೀನೂ ಹೋಗಿದ್ಲು. ಆ ಮಾತ ಮತ್ತ ಮನ್ಯಾಗ ಎತ್ತಿದ್ರ ಎಲ್ಲಿ ನಿನಗ ತಿರಗಿ ಬಂದೀತಂತ ನಾನೂ ಎತ್ತಲಿಲ್ಲ. ಆಯಿಗೂ ಆಣಿ ಹಾಕಿದ್ನಿ."

ಹೊರಗೆ ಅಥಣಿ ಬಸ್ಸು ಹಾರ್ನ್ ಹಾಕಿತು. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲೇ ನನಗೆ ಒಳ್ಳೆಯ ಜೋಕು ಹೊಳೆಯುವುದು.

"ಏನೂ ಅಂತಿದ್ದಿಲ್ಲೇನು ನನಗ?" ಎಂದು ಕೇಳಿದೆ.

"ಹೆಸರ ಅಂತಿದ್ಲು" ಎಂದ. "ಅದೊಂದ ಅಕಿಗೆ ಬರತಿತ್ತು. ಅಜ್ಜನ ಹೆಸರಿನ ಬ ಅಕಿ ತುಟಿ ದಾಟತಿದ್ದಿಲ್ಲ. ಮಗನ್ನ ಕರ್ಯಾಕ ಆಗದ ಹೆಸರ ಯಾತಕ್ಕ ಅಂತ, ಸಿಕ್ಕ ಸಿಕ್ಕ ಹೆಸರೆಲ್ಲಾ ಈ ಕೌದ್ಯಾಗ ಕುಂತ ಅಂದ ನೋಡಿದ್ಲು. ಒಂದ ಮುಂಜಾನೆ ಮುಸುಕ ತಗದ ನನ್ನ ಮುಂದ ಬಂದ ನಿಂತ ಅಂದ ತೋರ್ಸಿದ್ಲು. ಎಲ್ಲೂ ನಿಲ್ಲಲಿಲ್ಲ. ನಿಮ್ಮಜ್ಜ ಸಿಟ್ಟ ಮಾಡಿದ್ರೂ ನಾ ಅದನ್ನ ಇಡಸಿದ್ನಿ."

ಮೈಕಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಅಪ್ಪನ ಕಣ್ಣು ಅದರ ಮೇಲೆ ಬಿತ್ತು.

"ಹೆಂಗ ಅಂತಿದ್ಲಪಾ?" ಎಂದೆ.

"ಮೊದ್ಲ ಅದನ್ನ ಬಂದ್ ಮಾಡು" ಎಂದ.

ಬಂದ್ ಮಾಡಿದೆ. ಆಗ ಅಪ್ಪ ನನ್ನ ಗಲ್ಲ ಹಿಡಿದು, ಅವ್ವನ ಹಾಗೆ ನನ್ನ ಹೆಸರು ಹೇಳಿದ. ಮೆಲ್ಲಗೆ, ಪೂರ್ತಿಯಾಗಿ, ಒಂದೇ ಉಸಿರಿನಲ್ಲಿ.